ನೆತ್ತಿಯ ಮೇಲಿನ ಕೊಬ್ಬರಿ

ಆ ಸದ್ದು ನನಗೆ ನಿಜವಾಗಿ ಕೇಳಿಸಿತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಕೇಳಿಸಿತು ಎಂದು ತನಿಖೆಯವರ ಮುಂದೆ ಹೇಳಿದ್ದೇನೆ, ಡಾಕ್ಟರ ಮುಂದೆ ಹೇಳಿದ್ದೇನೆ, ಹೆಂಡತಿಯ ಮುಂದೆ ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಹೇಳಿದಂತೆಲ್ಲ ಅದು ಸ್ವಲ್ಪ ಸ್ವಲ್ಪ ಬದಲಾಗುತ್ತಾ ಬಂದಿರಬಹುದು ಎಂಬ ಗುಮಾನಿಯೂ ಇದೆ. ನೆನಪು ಅಂದರೆ ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ತೆಗೆದು ನೋಡಿದಾಗಲೆಲ್ಲ ಕೈಯ ಜಿಡ್ಡು ಅಂಟುತ್ತದೆ ಎಂದು ಎಲ್ಲೋ ಓದಿದ ನೆನಪು. ಅದನ್ನಾದರೂ ಓದಿದ್ದು ನಿಜವೋ, ನಾನೇ ಕಟ್ಟಿಕೊಂಡದ್ದೋ ಗೊತ್ತಿಲ್ಲ.

ಗೊತ್ತಿರುವುದು ಇಷ್ಟು. ಸಮುದ್ರದ ನಡುವಿನ ತೈಲ ತೆಗೆಯುವ ಕಟ್ಟೆಯಿಂದ ದಡಕ್ಕೆ ಹೊರಟ ನಮ್ಮ ಹೆಲಿಕಾಪ್ಟರ್ ನೀರಿಗೆ ಬಿತ್ತು. ಬಿದ್ದು ಮಗುಚಿಕೊಂಡಿತು. ನಮ್ಮಲ್ಲಿ ಕೆಲವರು ಹೊರಗೆ ಬಂದೆವು, ಕೆಲವರು ಬರಲಿಲ್ಲ. ಬಾರದವರಲ್ಲಿ ನನ್ನ ಗೆಳೆಯ ರಫೀಕ್ ಒಬ್ಬ. ಇದೆಲ್ಲ ಬೇರೆಯವರು ಹೇಳಿ ನಾನು ತಿಳಿದದ್ದು. ನನ್ನದೇ ಎನ್ನಬಹುದಾದ ನೆನಪುಗಳು ಬೇರೆ: ನೆತ್ತಿಯ ಮೇಲಿನ ಒಂದು ಸದ್ದು, ರಫೀಕನ ಮೊಣಕೈ ನನ್ನ ಪಕ್ಕೆಗೆ ತಗುಲಿದ್ದು, ಹಸಿರು ನೀರು, ಆಮೇಲೆ ತೆಪ್ಪದ ರಬ್ಬರ್ ವಾಸನೆ. ಇವುಗಳ ನಡುವೆ ಏನಿತ್ತು ಎಂಬುದು ಖಾಲಿ.

ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿದವನು. ಸಮುದ್ರದ ತಳ ಕೊರೆಯುವಾಗ ಕೊಳವೆಯೊಳಗೆ ಇಳಿಸುವ ಕೆಸರಿನ ಗುಣ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ತುರುವೇಕೆರೆಯಿಂದ ಅಮ್ಮಸಂದ್ರದ ಕಡೆ ಹೋಗುವ ದಾರಿಯಲ್ಲಿ ಒಳಗಿರುವ ನಮ್ಮೂರಿನಲ್ಲಿ ಇದನ್ನು ವಿವರಿಸುವುದು ಕಷ್ಟ. ಒಮ್ಮೆ ಕ್ಷೌರದಂಗಡಿಯಲ್ಲಿ ನಮ್ಮ ದೊಡ್ಡಪ್ಪ ಎಲ್ಲರ ಮುಂದೆ ಕೇಳಿದ್ದರು.

"ಏನ್ಲಾ ಯೋಗಿ, ಸಮುದ್ರದಾಗೆ ಬೋರ್ ಕೊರೀತೀರಂತೆ? ಅಷ್ಟೊಂದ್ ನೀರು ಮೇಲೇ ಇಟ್ಕೊಂಡು ಕೆಳಕ್ಕೆ ಯಾಕ್ಲಾ ಕೊರೀತೀರಾ?"

ರಫೀಕನಿಗೆ ಇದನ್ನು ಹೇಳಿದಾಗ ಊಟದ ತಟ್ಟೆ ಪಕ್ಕಕ್ಕಿಟ್ಟು ನಕ್ಕಿದ್ದ. ಅವನು ಅದೇ ಕಟ್ಟೆಯ ಮೇಲೆ ಕ್ರೇನ್ ಮೆಕ್ಯಾನಿಕ್. ಪರಿಚಯವಾದದ್ದೂ ಊಟದ ಸಾಲಿನಲ್ಲೇ. ನನ್ನ ಮುಂದೆ ನಿಂತಿದ್ದವನು ಸಾರಿನ ಸೌಟು ಎತ್ತಿ, ಬಗ್ಗಿಸಿ, ತನಗೆ ತಾನೇ ಅಚ್ಚ ಕನ್ನಡದಲ್ಲಿ "ಇದಕ್ಕೆ ಕಾಯಿ ಹಾಕಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು" ಅಂದ. ನಾನು "ಯಾವೂರ್ ಕಣಪ್ಪ ನಿಂದು?" ಅಂದೆ. "ತಿಪಟೂರು. ನಿಂದು?" ಅಷ್ಟೇ. ಅಲ್ಲಿಂದ ಮುಂದೆ ಎರಡು ವಾರದ ಪಾಳಿಗೆ ಹೋಗುವಾಗಲೂ ಬರುವಾಗಲೂ ಒಟ್ಟಿಗೇ. ಹೆಲಿಕಾಪ್ಟರಿನಲ್ಲಿ ಅಕ್ಕಪಕ್ಕ ಕೂತು ಗೋಡೆಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದೆವು. ಆ ಗದ್ದಲದಲ್ಲಿ ನಿದ್ದೆ ಹೇಗೆ ಬರುತ್ತದೆ ಎಂದು ಸುಧಾ ಕೇಳುತ್ತಿದ್ದಳು. ಸುಧಾ ನನ್ನ ಹೆಂಡತಿ, ತುರುವೇಕೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ರೈಲಿನಲ್ಲಿ ಬರುವ ಹಾಗೆಯೇ ಬರುತ್ತದೆ ಅಂತಿದ್ದೆ.

ನನ್ನ ಎಡಭುಜ ಮುರಿದಿತ್ತು. ದಡದ ಊರಿನ ಆಸ್ಪತ್ರೆಯವರು ಅದನ್ನು ಚೆನ್ನಾಗಿಯೇ ಕೂಡಿಸಿ ಕಳಿಸಿದರು. ಊರಿಗೆ ಬಂದ ಮೇಲೆ ಎಲ್ಲರೂ ಭುಜವನ್ನೇ ವಿಚಾರಿಸುತ್ತಿದ್ದರು. ಭುಜ ಸರಿಯಾಗುತ್ತಿತ್ತು. ಕೆಟ್ಟದ್ದು ಬೇರೆ ಏನೋ.

ಮೊದಲು ಗೊತ್ತಾದದ್ದು ಸ್ನಾನದ ಮನೆಯಲ್ಲಿ. ಒಂದು ಚೊಂಬು ನೀರು ತಲೆಯ ಮೇಲೆ ಸುರಿದುಕೊಂಡೆ, ಅಷ್ಟೇ. ಉಸಿರು ಕಟ್ಟಿತು, ಕಣ್ಣಿಗೆ ಹಸಿರು ತುಂಬಿತು. ಕೈ ಗೋಡೆಯ ಮೇಲೆ ಕಿಟಕಿಯ ಅಂಚನ್ನು ಹುಡುಕುತ್ತಿತ್ತು. ಸಮುದ್ರಕ್ಕೆ ಕಳಿಸುವ ಮೊದಲು ಈಜುಕೊಳದಲ್ಲಿ ಒಂದು ಡಬ್ಬಿಯಲ್ಲಿ ಕೂರಿಸಿ, ಮಗುಚಿ, ನೀರೊಳಗಿಂದ ಹೊರಬರುವ ತರಬೇತಿ ಕೊಡುತ್ತಾರೆ. ಒಂದು ಕೈ ಯಾವಾಗಲೂ ಕಿಟಕಿಯ ಅಂಚಿನ ಮೇಲಿರಬೇಕು, ಯಾವುದು ಮೇಲು ಯಾವುದು ಕೆಳಗು ಎಂದು ಕಣ್ಣನ್ನು ನಂಬಬೇಡ, ಕೈಯನ್ನು ನಂಬು ಎಂದು ಹೇಳಿಕೊಟ್ಟಿದ್ದರು. ಆ ಪಾಠ ನನ್ನ ಜೀವ ಉಳಿಸಿರಬೇಕು. ಈಗ ಅದೇ ಕೈ ನಮ್ಮನೆಯ ಬಚ್ಚಲಲ್ಲಿ ಕಿಟಕಿ ಹುಡುಕುತ್ತಿತ್ತು. ಅಲ್ಲಿ ಕಿಟಕಿಯೇ ಇರಲಿಲ್ಲ.

ಆಮೇಲೆ ಒಂದೊಂದಾಗಿ ಬಂದವು. ಫ್ಯಾನು ತಿರುಗಿದರೆ ಆಗುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಹೆಗಲು ಮುಟ್ಟಿದರೆ ಕೂಗಿಬಿಡುತ್ತಿದ್ದೆ. ಎಲ್ಲಕ್ಕಿಂತ ಕೆಟ್ಟದ್ದು ಅಟ್ಟ.

ನಮ್ಮ ಕಡೆ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಆರಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಟ್ಟಿ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಬರುತ್ತದೆ, ಗಟಗಟ ಅಂತ. ಕೊಬ್ಬರಿ ಆಗಿದೆ ಎಂದು ಆಗ ಗೊತ್ತಾಗುತ್ತದೆ. ನಾನು ಮಲಗುತ್ತಿದ್ದ ಕೋಣೆಯ ನೆತ್ತಿಯ ಮೇಲೆ ಆ ವರ್ಷದ ಕಾಯಿ ಇತ್ತು. ಇಲಿ ಓಡಾಡಿದರೆ ಅದರಲ್ಲಿ ಬೇಗ ಒಣಗಿದ ಕಾಯಿ ಉರುಳಿ ಗಟಗಟ ಎನ್ನುವುದು. ನಾನು ಹಾಸಿಗೆಯಿಂದ ಹಾರಿ ಬಾಗಿಲಿಗೆ ಓಡುತ್ತಿದ್ದೆ.

ಯಾಕೆಂದರೆ ಬೀಳುವ ಮೊದಲು ಹೆಲಿಕಾಪ್ಟರಿನ ನೆತ್ತಿಯಲ್ಲಿ ನನಗೆ ಕೇಳಿಸಿತು ಎಂದು ನಾನು ಹೇಳುವ ಸದ್ದು ಅದೇ.

ಅವ್ವ ಒಂದು ಬೆಳಗ್ಗೆ ಏಣಿ ಹಾಕಿ ನಿಂತಿದ್ದಳು. "ಇಳಿಸ್ಬುಡನ ಕಣ್ಲಾ ಎಲ್ಲಾನೂ. ಹಸಿಗಾಯಿ ಲೆಕ್ಕದಾಗೆ ಯಾರಾದ್ರೂ ತಗಂಡೋಯ್ತಾರೆ."

"ಅರ್ಧ ಒಣಗಿರೋದನ್ನ ಇಳಿಸಿದ್ರೆ ಕೆಟ್ಟೋಗಲ್ವೇನವ್ವ?"

"ಕೆಡ್ಲಿ ಬುಡು. ಕಾಯಿ ಮುಂದಿನ್ ವರ್ಷನೂ ಬತ್ತದೆ."

ನಾನು ಬೇಡವೆಂದೆ. ಧೈರ್ಯದಿಂದಲ್ಲ, ಹಟದಿಂದ. ಕಾಯಿಗೆ ಹೆದರಿ ಕಾಯಿ ಇಳಿಸಿದರೆ ಫ್ಯಾನಿಗೆ ಹೆದರಿ ಕರೆಂಟು ತೆಗೆಸಬೇಕಾದೀತು. ಹಾಸಿಗೆಯನ್ನು ಪಡಸಾಲೆಗೆ ಹಾಕಿಸಿಕೊಂಡೆ. ಹಾಲ್ಕುರಿಕೆಯ ಅತ್ತೆ ಬಂದು, ನೀರಿನಲ್ಲಿ ಸತ್ತವರ ಗಾಳಿ ಸೋಕಿದೆ, ದಾರ ಕಟ್ಟಿಸಿ ಎಂದರು. ನಾನು ವಿಜ್ಞಾನ ಓದಿದವನ ಗತ್ತಿನಲ್ಲಿ ಅವರ ಜೊತೆ ವಾದಕ್ಕೆ ಕೂತೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಆಯ್ತು ಕಣಪ್ಪ, ಗಾಳಿ ಅಲ್ಲ. ಮತ್ತೆ ಏನು?" ಅಂದರು.

ಸ್ನಾನಕ್ಕೆ ಅವ್ವನೇ ಉಪಾಯ ಮಾಡಿದಳು. ಬಚ್ಚಲ ಬಾಗಿಲು ತೆರೆದಿಟ್ಟು, ತಾನು ಹೊರಗೆ ಬೆನ್ನು ತಿರುಗಿಸಿ ಕೂತು ಅವರೆಕಾಯಿ ಸುಲಿಯುತ್ತಾ ಊರ ಸುದ್ದಿ ಹೇಳುತ್ತಿದ್ದಳು. ನಾನು ಮೊದಲು ಪಾದಕ್ಕೆ ಮಾತ್ರ ನೀರು ಹಾಕಿಕೊಂಡೆ. ಸ್ವಲ್ಪ ದಿನ ಕಳೆದು ಮೊಣಕಾಲಿಗೆ. ಉಳಿದದ್ದಕ್ಕೆ ಒದ್ದೆ ಟವಲು.

"ಇವತ್ತು ಎಲ್ಲಿಗಂಟ ಬಂತ್ಲಾ?"

"ಸೊಂಟ."

"ಬುಡು, ಕೆರೆ ತುಂಬೋದೂ ಹಂಗೇಯ."

ತನಿಖೆಗೆ ನನ್ನನ್ನು ಕರೆಸಿದ್ದು ಆ ದಿನಗಳಲ್ಲೇ. ದೊಡ್ಡ ಊರಿನ ಒಂದು ಕಚೇರಿ, ಮೇಜಿನ ಆಚೆ ಇಬ್ಬರು. ಒಬ್ಬರು ಬರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ಕೇಳುತ್ತಿದ್ದರು. ಮರ್ಯಾದಸ್ಥರು, ನೀರು ಕೊಟ್ಟರು, ಸುಧಾಳನ್ನು ಪಕ್ಕದಲ್ಲೇ ಕೂರಲು ಬಿಟ್ಟರು. ಏನು ಸದ್ದು, ಹೇಗಿತ್ತು ಎಂದರು. ತೆಂಗಿನಕಾಯಿಯನ್ನು ಅಲ್ಲಾಡಿಸಿದ ಹಾಗೆ, ನೆತ್ತಿಯ ಮೇಲೆ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಕಿವಿಗೆ ಮುಚ್ಚಳ ಹಾಕಿದ್ದಿರಲ್ಲ, ಹೇಗೆ ಕೇಳಿಸಿತು ಎಂದರು. ತಲೆಯನ್ನು ಗೋಡೆಗೆ ಆನಿಸಿದ್ದೆ, ಕಿವಿಗಿಂತ ಬುರುಡೆಗೆ ಕೇಳಿಸಿತು ಎಂದೆ. ಮನೋವೈದ್ಯರ ಬಳಿ ಹೋಗುತ್ತಿದ್ದೀರಾ ಎಂದರು. ಇತ್ತೀಚೆಗೆ ಶುರು ಮಾಡಿದ್ದೇನೆ ಎಂದೆ. ಅದನ್ನೂ ಬರೆದುಕೊಂಡರು.

ಕೆಲವು ತಿಂಗಳ ಮೇಲೆ ವರದಿಯ ಸಾರಾಂಶ ಹೊರಬಂತು. ನಾವು ಪಾಳಿಗೆ ಹೋಗುವಾಗ ಕೂತದ್ದೂ ಬರುವಾಗ ಬಿದ್ದದ್ದೂ ಒಂದೇ ಯಂತ್ರ, ಅದು ಎಲ್ಲ ತಪಾಸಣೆಗಳಲ್ಲೂ ಉತ್ತೀರ್ಣವಾಗಿತ್ತು, ಕಾರಣ ಇನ್ನೂ ಪರಿಶೀಲನೆಯಲ್ಲಿದೆ ಎಂದು ಅದರಲ್ಲಿತ್ತು. ನನ್ನ ಬಗ್ಗೆ ಹೆಸರಿಲ್ಲದ ಎರಡು ಸಾಲು. ಒಬ್ಬ ಪ್ರಯಾಣಿಕರು ಹೇಳುವ ಸದ್ದು ದ್ರವ ಕುಲುಕಿದಂಥದ್ದು, ಯಂತ್ರದ ಯಾವ ದೋಷಕ್ಕೂ ಅದು ಹೊಂದುವುದಿಲ್ಲ. ಅವರು ಆಘಾತದ ನಂತರದ ಚಿಕಿತ್ಸೆಯಲ್ಲಿರುವುದರಿಂದ ಹೇಳಿಕೆಯನ್ನು ಪರಿಗಣಿಸಿಲ್ಲ.

ಸುಧಾ ಸಿಟ್ಟಾದಳು. ನನಗೆ ಸಿಟ್ಟು ಬರಲಿಲ್ಲ, ಅದೇ ಕಷ್ಟ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ. ಅಟ್ಟದ ಕೆಳಗೆ ಮಲಗಿ ಬೆಚ್ಚಿಬೀಳುವವನು, ಬಚ್ಚಲಲ್ಲಿ ಕಿಟಕಿ ಹುಡುಕುವವನು, ಸದ್ದು ಕೇಳಿಸಿತು ಎಂದರೆ ಯಾರು ನಂಬಬೇಕು? ಮೊದಲು ಹೆಲಿಕಾಪ್ಟರಿನ ಸದ್ದು ಕೇಳಿ ಆಮೇಲೆ ಅಟ್ಟಕ್ಕೆ ಹೆದರಿದೆನೋ, ಮೊದಲು ಅಟ್ಟದ ಸದ್ದು ಕೇಳಿ ಅದನ್ನು ಹೆಲಿಕಾಪ್ಟರಿನೊಳಗೆ ಇಟ್ಟೆನೋ? ಯಾವುದು ಮೊದಲು ಎಂದು ಹೇಳಲು ನನ್ನ ಬಳಿ ನನ್ನ ತಲೆ ಬಿಟ್ಟು ಬೇರೆ ಸಾಕ್ಷಿ ಇರಲಿಲ್ಲ. ಆ ತಲೆಗೇ ಕಾಯಿಲೆ.

ಚಿಕಿತ್ಸೆ ತಿಪಟೂರಿನ ಒಂದು ನರ್ಸಿಂಗ್ ಹೋಮಿನ ಮೇಲಂತಸ್ತಿನಲ್ಲಿ ನಡೆಯುತ್ತಿತ್ತು. ತುಮಕೂರಿನಿಂದ ವಾರಕ್ಕೊಮ್ಮೆ ಬರುವ ಮನೋವೈದ್ಯೆ, ಎದುರು ಬಾಗಿಲಿನಲ್ಲಿ ಹಲ್ಲಿನ ಡಾಕ್ಟರು. ಇಬ್ಬರಿಗೂ ಒಂದೇ ಕುರ್ಚಿಸಾಲು. ಇದಕ್ಕಿಂತ ದೊಡ್ಡ ಉಪಕಾರವನ್ನು ಆ ಕಟ್ಟಡದವರು ನಮಗೆ ಮಾಡಲು ಸಾಧ್ಯವಿರಲಿಲ್ಲ. ಅಲ್ಲಿ ಕೂತವರಿಗೆಲ್ಲ ಹಲ್ಲುನೋವು. ಚಿಕ್ಕನಾಯಕನಹಳ್ಳಿಯ ಕಡೆಯ ದಪ್ಪ ಮೀಸೆಯ ಒಬ್ಬರು ಕೆನ್ನೆಗೆ ಕೈ ಕೊಟ್ಟುಕೊಂಡೇ ನನ್ನ ಪಕ್ಕ ಕೂರುತ್ತಿದ್ದರು.

"ಹಲ್ಲಾ?" ಅಂದೆ.

"ಹ್ಞೂಂ ಕಣ್ರೀ, ಹಲ್ಲು. ತಮ್ದು?"

"ನಂದೂ ಹಲ್ಲೇ."

ಆಮೇಲೆ ನರ್ಸ್ ಅವರ ಹೆಸರು ಕೂಗಿ ಮನೋವೈದ್ಯೆಯ ಬಾಗಿಲು ತೆರೆದರು. ಅವರು ಎದ್ದು, ನನ್ನ ಕಡೆ ನೋಡಿ, "ಬೇರಿಗೆ ಇಳ್ದೈತೆ" ಎಂದು ಒಳಗೆ ಹೋದರು. ಅಪಘಾತದ ನಂತರ ನಾನು ಮೊದಲ ಸಲ ನಕ್ಕದ್ದು ಅಲ್ಲಿ. ಒಬ್ಬನೇ ಕೂತು, ಬಾಯಿಗೆ ಕೈ ಮುಚ್ಚಿಕೊಂಡು. ನೋಡಿದವರಿಗೆ ಹಲ್ಲುನೋವು ಅನ್ನಿಸಿರಬೇಕು.

ಮನೋವೈದ್ಯೆ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಮೊದಲ ದಿನವೇ ಕೇಳಿದೆ, "ಆ ಸದ್ದು ನಿಜವಾ ಮೇಡಂ?"

"ಗೊತ್ತಿಲ್ಲ. ನಾನು ಆ ಹೆಲಿಕಾಪ್ಟರಲ್ಲಿ ಇರಲಿಲ್ಲ" ಎಂದರು. "ಈಗ ಮನೇಲಿ ಸದ್ದು ಆದಾಗ ನೀವು ಎಲ್ಲಿರ್ತೀರಿ?"

"ಹೆಲಿಕಾಪ್ಟರಲ್ಲಿ."

"ಸದ್ದು ಆದಾಗ ನೀವು ಮನೇಲೇ ಇರಬೇಕು. ನನ್ನ ಕೆಲಸ ಅಷ್ಟು. ನಿಜವೋ ಸುಳ್ಳೋ ಆಮೇಲೆ ನೋಡೋಣ. ಎರಡನ್ನೂ ಒಟ್ಟಿಗೆ ಬಿಡಿಸೋಕೆ ಹೋಗಬೇಡಿ."

ಮಾತ್ರೆ ಕೊಟ್ಟರು. ಮಾತ್ರೆಯ ಮೇಲೂ ನನಗೆ ಅನುಮಾನ, ತೆಗೆದುಕೊಳ್ಳದೆ ಇದ್ದರೆ ಏನಾದೀತೆಂಬ ಅನುಮಾನವೂ ಅಷ್ಟೇ ಇತ್ತು, ಹಾಗಾಗಿ ತೆಗೆದುಕೊಂಡೆ. ಫಲ ಕಂಡಿತು. ಬೇಗನೆ ಅಲ್ಲ. ಒಂದು ದಿನ ಫ್ಯಾನಿನ ಕೆಳಗೆ ಪೇಪರ್ ಓದಿ ಮುಗಿಸಿ ತಲೆ ಎತ್ತಿದಾಗ, ಅಷ್ಟು ಹೊತ್ತೂ ಅದು ತಿರುಗುತ್ತಲೇ ಇತ್ತು ಎಂದು ತಿಳಿಯಿತು.

ಮನಸ್ಸು ಸ್ವಲ್ಪ ಹತೋಟಿಗೆ ಬಂದ ಮೇಲೆ ಸುರಕ್ಷತೆಯ ಮಾತುಗಳ ಬಗ್ಗೆ ಯೋಚಿಸತೊಡಗಿದೆ. ಹಾರುವ ಮೊದಲು ನಮಗೆಲ್ಲ ಒಂದು ವೀಡಿಯೊ ತೋರಿಸುತ್ತಿದ್ದರು. ಬೆಲ್ಟು ಹೇಗೆ ಹಾಕಬೇಕು, ಕಿಟಕಿ ಹೇಗೆ ತಳ್ಳಬೇಕು, ಕೊನೆಗೆ ನಗುವ ಮುಖವೊಂದು ಬಂದು ನಿಮ್ಮ ಸುರಕ್ಷತೆಗೇ ಮೊದಲ ಸ್ಥಾನ ಎನ್ನುವುದು. ನಾನು ಅದನ್ನು ಎಷ್ಟೋ ಸಲ ನೋಡಿದ್ದೇನೆ. ಯಂತ್ರದಲ್ಲಿ ಹೊಸ ಸದ್ದು ಕೇಳಿಸಿದರೆ ಯಾರಿಗೆ ಹೇಳಬೇಕು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಕಿವಿಗೆ ಮುಚ್ಚಳ ಕೊಡುತ್ತಿದ್ದರು. ಒಳ್ಳೆಯದೇ, ಕಿವಿ ಉಳಿಯಬೇಕು. ಆದರೆ ಪ್ರತಿ ಪಾಳಿಗೂ ಅದರೊಳಗೆ ಕೂರುವವರು ನಾವು, ಸದ್ದು ಬದಲಾದರೆ ಮೊದಲು ಗೊತ್ತಾಗಬೇಕಾದವರೂ ನಾವೇ. ನಮ್ಮನ್ನು ಸಾಮಾನಿನ ಜೊತೆ ತೂಗಿ ಒಳಗೆ ಕೂರಿಸುತ್ತಿದ್ದರೇ ಹೊರತು ಇಳಿದಾಗ ಹೇಗಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ತಿಪಟೂರಿನ ಬಸ್ಸಿನಲ್ಲಾದರೆ ಗೇರು ಕಿರುಗುಟ್ಟಿದರೆ ಹಿಂದಿನ ಸೀಟಿನವನೂ ಡ್ರೈವರಿಗೆ ಕೂಗಿ ಹೇಳುತ್ತಾನೆ.

ಎಲ್ಲ ತಪಾಸಣೆಗಳಲ್ಲೂ ಉತ್ತೀರ್ಣವಾಗಿತ್ತು ಎಂಬುದನ್ನು ಅವರು ಸಮಾಧಾನದ ಮಾತಾಗಿ ಹೇಳುತ್ತಾರೆ. ನನಗೆ ಅದು ಹಾಗೆ ಕೇಳಿಸುವುದಿಲ್ಲ. ಉತ್ತೀರ್ಣವಾದ ಯಂತ್ರ ಬಿದ್ದರೆ ಇನ್ನೊಮ್ಮೆ ಪರೀಕ್ಷೆಗೆ ಕೂರಬೇಕಾದದ್ದು ಯಂತ್ರವಲ್ಲ, ತಪಾಸಣೆ. ಇದನ್ನು ಹೇಳಲು ಎಂ.ಎಸ್ಸಿ. ಬೇಡ. ಆದರೆ ಹೇಳುವವನು ನಂಬಿಕೆಗೆ ಅರ್ಹನಾಗಿರಬೇಕು ತಾನೇ? ಮತ್ತೆ ಅದೇ ಸದ್ದಿಗೆ ಬಂದು ನಿಲ್ಲುತ್ತಿದ್ದೆ.

ಅಟ್ಟ ಹತ್ತುವುದನ್ನು ಚಿಕಿತ್ಸೆಯ ಭಾಗವಾಗಿ ಡಾಕ್ಟರೇ ಸೂಚಿಸಿದರು. ಮೊದಲು ಏಣಿಯ ಕೆಳಗೆ, ಆಮೇಲೆ ಏಣಿಯ ಮೇಲೆ, ಆಮೇಲೆ ಕಾಯಿಗಳ ಪಕ್ಕ. ಹೆದರಿಕೆ ಏರಿದರೆ ಓಡದೆ ಅದು ಇಳಿಯುವ ತನಕ ಅಲ್ಲೇ ಇರಬೇಕು. ಅಷ್ಟರಲ್ಲಿ ಕಾಯಿಯೂ ಬಹುಪಾಲು ಒಣಗಿತ್ತು. ಒಂದು ಭಾನುವಾರ ಬೆಳಗ್ಗೆ ಸುಧಾಳೂ ನಾನೂ ಮೇಲೆ ಕೂತು ಕೊಬ್ಬರಿ ಆದದ್ದನ್ನು ಆರಿಸತೊಡಗಿದೆವು. ಅಂಗೈ ಬೆವರುತ್ತಿತ್ತು, ಆದರೆ ಕೂತಿದ್ದೆ. ಮಾಡಿನ ಹಂಚಿನ ಸಂದಿಯಿಂದ ಬಿಸಿಲಿನ ಕೋಲುಗಳು ಬೀಳುತ್ತಿದ್ದವು.

ಪರೀಕ್ಷೆ ಮಾಡೋಣ ಎಂದವಳು ಸುಧಾ. "ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ ರೀ. ನಾನು ಒಂದೊಂದೇ ಅಲ್ಲಾಡಿಸ್ತೀನಿ. ಅವತ್ತು ಕೇಳಿದ್ದು ಯಾವುದೋ ಅದು ಬಂದಾಗ ಮಾತ್ರ ಕೈ ಎತ್ತಿ."

ಮರದ ಕಂಬಕ್ಕೆ ತಲೆ ಆನಿಸಿ, ಅವಳಿಗೆ ಬೆನ್ನು ಹಾಕಿ ಕೂತೆ. ಅವಳು ಕಾಯಿಗಳನ್ನು ಕಂಬಕ್ಕೆ ತಾಗಿಸಿ ಅಲ್ಲಾಡಿಸಿದಳು. ನನ್ನನ್ನು ದಾರಿ ತಪ್ಪಿಸಲು ಮಧ್ಯದಲ್ಲಿ ಮೊಳೆ ತುಂಬಿದ ಡಬ್ಬಿ, ನೀರಿನ ಬಾಟಲಿ. ಒಣಗಿದ ಕೊಬ್ಬರಿ ಬಂದಾಗಲೆಲ್ಲ ನಾನು ಕೈ ಎತ್ತಿದೆ. ಒಂದೂ ತಪ್ಪಲಿಲ್ಲ. ಕೆಳಗಿನಿಂದ ಅವ್ವ ಕೂಗಿದಳು, "ಏನೇ ಸುಧಾ, ಕಾಯಿ ಆರಿಸ್ತಿದ್ದೀರೋ ಭಜನೆ ಮಾಡ್ತಿದ್ದೀರೋ?"

ನಾನು ಗೆದ್ದವನ ಹಾಗೆ ತಿರುಗಿದೆ. ಸುಧಾ ಗಣಿತದ ಟೀಚರು. "ಇದರಿಂದ ಸಾಬೀತಾಗಿದ್ದು ಒಂದೇ. ನಿಮಗೆ ಕೊಬ್ಬರಿ ಸದ್ದು ಚೆನ್ನಾಗಿ ಗೊತ್ತು ಅಂತ. ಅದು ಹುಟ್ಟಿದಾಗಿನಿಂದ ಗೊತ್ತು" ಎಂದಳು.

ಸರಿಯಾದ ಮಾತು. ಅವಳು ಮೂಲೆಯಲ್ಲಿ ಉಳಿದಿದ್ದ, ಇನ್ನೂ ಒಣಗದ ಕಾಯಿಯೊಂದನ್ನು ಸುಮ್ಮನೆ ಎತ್ತಿ ಕುಲುಕಿದಳು. ನೀರು ಬುಳಬುಳ ಎಂದಿತು.

"ಇದೂ ಅಲ್ವಾ?"

"ಅಯ್ಯೋ, ಇದು ನೀರು ಕಣೇ" ಎಂದ ಕೂಡಲೇ ವರದಿಯ ಸಾಲು ನೆನಪಾಯಿತು.

ದ್ರವ ಕುಲುಕಿದಂಥ ಸದ್ದು. ತನಿಖೆಯ ಮೇಜಿನ ಆಚೆ ಕೂತಿದ್ದವರು ಯಾವ ಊರಿನವರೋ. ಜಗತ್ತಿನಲ್ಲಿ ಯಾರ ಕೈಗೆ ತೆಂಗಿನಕಾಯಿ ಕೊಟ್ಟು ಅಲ್ಲಾಡಿಸಿ ಎಂದರೂ ಅವರಿಗೆ ಕೇಳಿಸುವುದು ನೀರು. ದೇವಸ್ಥಾನದ ಮುಂದೆ ಕಾಯಿ ಕೊಳ್ಳುವವರು ನೀರಿದೆಯೇ ಎಂದು ನೋಡಲು ಅಲ್ಲಾಡಿಸುತ್ತಾರೆ. ನೀರಿಲ್ಲವೇ ಎಂದು ನೋಡಲು ಅಲ್ಲಾಡಿಸುವವರು ನಾವು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನ ಜನ. ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಎಂದಾಗ ನಾನು ಹೇಳಿದ್ದು ಗಟ್ಟಿ ವಸ್ತುವೊಂದು ತನ್ನ ಜಾಗದಿಂದ ಸಡಿಲವಾಗಿ ಗೂಡಿಗೆ ಬಡಿಯುವುದು. ಅವರು ಬರೆದುಕೊಂಡದ್ದು ನೀರು. ಅವರದು ತಪ್ಪಲ್ಲ. ಹೇಳುವಾಗ, ಇಡೀ ಲೋಕವೇ ನಮ್ಮ ಅಟ್ಟದ ಕೆಳಗೆ ಬೆಳೆದಿದೆ ಎಂದುಕೊಂಡಿದ್ದೆ.

ಸುಧಾ ಫೋನಿನಲ್ಲಿ ಎರಡೂ ಸದ್ದುಗಳನ್ನು ರೆಕಾರ್ಡ್ ಮಾಡಿದಳು. ತನಿಖೆಯ ಕಚೇರಿಗೆ ವಿವರಣೆಯ ಜೊತೆ ಕಳಿಸಿದೆವು. ಆದರೆ ಅದರಿಂದ ಹೇಳಿಕೆ ಸ್ಪಷ್ಟವಾಗುತ್ತದೆ, ನಿಜವಾಗುವುದಿಲ್ಲ.

ಅದೇ ಅಟ್ಟದ ಮೇಲೆ ಇನ್ನೊಂದು ನೆನಪು ಬಂತು. ಒಂದು ಕಾಯಿ ಕೈಯಲ್ಲಿ ಹಿಡಿದಿದ್ದೆ. ಇದ್ದಕ್ಕಿದ್ದಂತೆ ರಫೀಕನ ಮುಖ, ಪಾಳಿಗೆ ಹೋಗುವ ದಿನದ್ದು, ಬೀಳುವ ದಿನದ್ದಲ್ಲ. ಅವನು ಗೋಡೆಯಿಂದ ತಲೆ ಎತ್ತಿ, ಮೊಣಕೈಯಿಂದ ನನ್ನ ಪಕ್ಕೆ ತಿವಿದು, ಬೆರಳನ್ನು ಮಾಡಿನ ಕಡೆ ತೋರಿಸಿ, ಕಿವಿಯ ಮುಚ್ಚಳ ಎತ್ತಿ ಕೂಗಿದ್ದ: "ಲೇ ಯೋಗಿ, ಮೇಲೆ ಕೊಬ್ಬರಿ ಆಗೈತೆ ಕಣ್ಲಾ!"

ಇದು ನಿಜವಾದರೆ ಎಲ್ಲವೂ ಸರಿಹೋಗುತ್ತದೆ. ಅಟ್ಟದ ಕೆಳಗೆ ಮಲಗುವ ಎಷ್ಟೋ ಮೊದಲೇ, ತಲೆ ಕೆಡುವ ಮೊದಲೇ, ಆ ಸದ್ದು ಇತ್ತು ಎಂದಾಯಿತು. ನನಗೊಬ್ಬನಿಗೇ ಅಲ್ಲ, ಯಂತ್ರಗಳ ಸದ್ದಿನ ನಡುವೆಯೇ ಬದುಕಿದ ಒಬ್ಬ ಮೆಕ್ಯಾನಿಕ್‌ಗೂ ಕೇಳಿಸಿತ್ತು ಎಂದಾಯಿತು. ಆದರೆ ಅದು ಇಷ್ಟು ಸರಿಹೋಗುವುದೇ ನನಗೆ ಅನುಮಾನ ಹುಟ್ಟಿಸಿತು. ಕೊಬ್ಬರಿಯ ಅಟ್ಟದ ಮೇಲೆ ಕೂತು ಕೊಬ್ಬರಿಯ ಮಾತು ನೆನಪಾದರೆ ಅದನ್ನು ನೆನಪು ಅನ್ನಬೇಕೋ ಕನಸು ಅನ್ನಬೇಕೋ? ಯಾರಿಗೂ ಹೇಳಲಿಲ್ಲ, ಡಾಕ್ಟರಿಗೂ. ಕೊನೆಗೆ ಸುಧಾಳಿಗೆ ಹೇಳಿದೆ.

ಅವಳು, "ರಫೀಕ್ ಅವರು ದಿನಾ ಮನೆಗೆ ಫೋನ್ ಮಾಡ್ತಿದ್ರು ಅಂತಿದ್ರಲ್ಲ" ಎಂದಳು.

ರಫೀಕನ ಮನೆಗೆ ನಾನು ಹೋಗಿರಲಿಲ್ಲ. ಅವನನ್ನು ಮಣ್ಣು ಮಾಡಿದಾಗ ನಾನು ಆಸ್ಪತ್ರೆಯಲ್ಲಿದ್ದೆ. ಅವನ ತಮ್ಮ ನಯಾಜ್ ಒಮ್ಮೆ ನಮ್ಮೂರಿಗೆ ಬಂದು, ಖರ್ಜೂರದ ಪೊಟ್ಟಣ ಕೊಟ್ಟು, ನನ್ನ ಕೈ ಹಿಡಿದುಕೊಂಡು ಕೂತಿದ್ದು ಹೋಗಿದ್ದ. ಇಬ್ಬರೂ ಮಾತಾಡಿರಲಿಲ್ಲ. ಆಮೇಲೆ ತಿಪಟೂರಿಗೆ ಡಾಕ್ಟರ ಬಳಿ ಬಂದಾಗಲೆಲ್ಲ ನಯಾಜನ ಗ್ಯಾರೇಜ್ ಇರುವ ರಸ್ತೆ ಬಿಟ್ಟು ಸುತ್ತಿ ಬರುತ್ತಿದ್ದೆ. ಅಲ್ಲಿ ರಫೀಕನ ಹಾಗೆ ನಗುವವರು ಯಾರಾದರೂ ಇದ್ದರೆ ಎಂಬ ಹೆದರಿಕೆ.

ಕೊನೆಗೆ ಅಲ್ಲಿಗೆ ಹೋಗುವ ದಿನ ಸುಧಾ ಬಸ್ಸಿನಲ್ಲೇ ಷರತ್ತು ಹಾಕಿದಳು. "ಅಲ್ಲಿ ನೀವು ಏನೂ ಕೇಳಬಾರದು. ನೀವು ಬಾಯಿ ಬಿಟ್ಟರೆ ಸುಳಿವು ಕೊಟ್ಟೇ ಕೊಡ್ತೀರ. ಕೊಬ್ಬರಿ ಅನ್ನೋ ಪದ ನಮ್ಮಿಬ್ಬರ ಬಾಯಲ್ಲೂ ಬರಕೂಡದು."

ನಯಾಜ್ ಗೂಡ್ಸ್ ಆಟೋವೊಂದರ ಕೆಳಗಿನಿಂದ ಜಾರಿಕೊಂಡು ಹೊರಬಂದ. ನನ್ನನ್ನು ನೋಡಿ, ಕೈ ಒರೆಸಿಕೊಳ್ಳುವುದನ್ನೂ ಮರೆತು ಅಪ್ಪಿಕೊಂಡ. ನನ್ನ ಬಿಳಿ ಅಂಗಿಯ ಬೆನ್ನಿನ ಮೇಲೆ ಎರಡು ಅಂಗೈಗಳ ಗ್ರೀಸು. "ಅಯ್ಯೋ ಯೋಗಣ್ಣ, ಅಕ್ಕ ಬೈತಾರೆ ಈಗ" ಎಂದ. ಅವನು ರಫೀಕನ ಹಾಗೆಯೇ ನಕ್ಕ. ನಾನು ಹೆದರಿದ್ದು ಅದಕ್ಕೇ. ಹೆದರಿದಷ್ಟು ಕಷ್ಟವಾಗಲಿಲ್ಲ.

ಟೀ ಬಂತು. ಭುಜ, ಊರು, ಮಳೆ ಎಲ್ಲ ಆಯಿತು. ಸುಧಾ ಲೋಟ ಕೆಳಗಿಟ್ಟು, "ರಫೀಕ್ ಅವರು ಅಲ್ಲಿಂದ ಫೋನ್ ಮಾಡಿದಾಗ ಏನೇನು ಮಾತಾಡ್ತಿದ್ರು ನಯಾಜ್?" ಎಂದಳು.

"ಅವ್ನು ಏನ್ ಮಾತಾಡ್ತಿರ್ಲಿಲ್ಲ ಕೇಳಿ ಅಕ್ಕಾ! ಸಾರು ಸರಿಯಿಲ್ಲ ಅನ್ನೋದ್ರಿಂದ ಶುರು. ಯೋಗಣ್ಣ ಗೊರಕೆ ಹೊಡೀತಾನೆ ಅನ್ನೋದು." ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಕೊನೇ ಸಲ ಹೋದಾಗ್ಲೂ ಹಂಗೇ. ಹೋಗಿ ಇಳಿದ್ ದಿನಾನೇ ಫೋನ್ ಹಾಕ್ದ. ಹೆಂಗಿತ್ತೋ ಪ್ರಯಾಣ ಅಂದೆ. ಈ ಸಲ ಹೆಲಿಕಾಪ್ಟರ್ ನೆತ್ತಿ ಮೇಲೆ ಕೊಬ್ಬರಿ ಆಗೈತೆ ಕಣೋ, ಗಟಗಟ ಅಂತೈತೆ, ಇಳಿಸೋರಿಲ್ಲ ಅಷ್ಟೇಯ, ಅಂದ. ನಾನ್ ನಕ್ಬಿಟ್ಟೆ."

ಅವನು ಲೋಟದೊಳಗೆ ನೋಡುತ್ತಾ ಇನ್ನೊಮ್ಮೆ ಹೇಳಿದ, "ನಾನ್ ನಕ್ಬಿಟ್ಟೆ ಅಣ್ಣ."

ಸುಧಾ ನನ್ನ ಮಣಿಕಟ್ಟು ಹಿಡಿದಳು. ನಾನು ನೆಲದ ಮೇಲೆ ಬಿದ್ದಿದ್ದ ಒಂದು ನಟ್ಟನ್ನು ನೋಡುತ್ತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ನಾನು ಗ್ಯಾರೇಜಿನಲ್ಲೇ ಇದ್ದೆ, ಎಲ್ಲಿಗೂ ಹೋಗಿರಲಿಲ್ಲ. ನಯಾಜನ ಹೆಗಲ ಮೇಲೆ ಕೈ ಇಟ್ಟು, "ನಾನೂ ನಕ್ಕಿದ್ದೆ ಕಣೋ" ಎಂದೆ.

ಅನುಮಾನ ನನ್ನ ಹುಟ್ಟುಗುಣ. ಟೀ ಮುಗಿಯುವ ಮೊದಲೇ ಅದು ತಲೆ ಎತ್ತಿತು. ಆಸ್ಪತ್ರೆಯ ಜ್ವರದಲ್ಲಿ ನಾನೇ ಈ ಮಾತನ್ನು ಗೊಣಗಿ, ಅದು ಯಾರದೋ ಬಾಯಿಂದ ನಯಾಜನಿಗೆ ತಲುಪಿ, ಅವನೂ ನನ್ನ ಹಾಗೆಯೇ ಅದನ್ನು ನೆನಪು ಎಂದುಕೊಂಡಿದ್ದರೆ? ಸುಧಾಳ ಕಿವಿಯಲ್ಲಿ ಹೇಳಿದೆ. ಅವಳು, "ನೀವು ಇಲ್ಲೇ ಕೂತಿರಿ" ಎಂದು ಗ್ಯಾರೇಜಿನ ಹಿಂದಿರುವ ಅವರ ಮನೆಗೆ, ರಫೀಕನ ತಾಯಿಯನ್ನು ಮಾತಾಡಿಸಲು ಒಬ್ಬಳೇ ಹೋದಳು. ಬಹಳ ಹೊತ್ತು ಬರಲಿಲ್ಲ. ಆಮೇಲೆ ನನ್ನನ್ನೂ ಒಳಗೆ ಕರೆದರು.

ಆ ತಾಯಿ ನನ್ನ ತಲೆಯ ಮೇಲೆ ಕೈ ಇಟ್ಟರು. ನೆತ್ತಿಯ ಮೇಲೇ. ನಾನು ಬೆಚ್ಚಲಿಲ್ಲ. "ಊಟ ಮಾಡ್ಕೊಂಡೇ ಹೋಗ್ಬೇಕು ಬೇಟಾ, ಸಾರಿಗೆ ಕಾಯಿ ಜಾಸ್ತಿ ಹಾಕಿದ್ದೀನಿ" ಎಂದರು.

ಅಂದು ರಾತ್ರಿ ಹಾಸಿಗೆಯನ್ನು ಪಡಸಾಲೆಯಿಂದ ಕೋಣೆಗೆ ತಂದು ಹಾಕಿಕೊಂಡೆ. ಈಗ ಅಟ್ಟದ ಮೇಲೆ ಹೊಸ ವರ್ಷದ ಕಾಯಿ ಇದೆ. ಮಾತ್ರೆ ಕಡಿಮೆಯಾಗಿದೆ. ತುರುವೇಕೆರೆಯ ಕಾಲೇಜಿನಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳುತ್ತೇನೆ. ಯುಗಾದಿಗೆ ಅವ್ವ ಎಣ್ಣೆ ಹಚ್ಚಿ, ಬಚ್ಚಲ ಬಾಗಿಲಲ್ಲಿ ಕೂತು "ಎಲ್ಲಿಗಂಟ ಬಂತ್ಲಾ?" ಎಂದಳು. "ನೆತ್ತಿಗಂಟ" ಎಂದೆ. ಅವಳು ಎದ್ದು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಕುರ್ಚಿಸಾಲಿನಲ್ಲಿ ಹಲ್ಲುನೋವೆಂದು ಕೂತವರು ಇದನ್ನು ಓದುತ್ತಿದ್ದರೆ, ಬೇರಿಗೆ ಇಳಿದದ್ದೂ ವಾಸಿಯಾಗುತ್ತದೆ ಎಂದಷ್ಟೇ ಹೇಳಬಲ್ಲೆ.

ಹೆಲಿಕಾಪ್ಟರ್ ಯಾಕೆ ಬಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೆತ್ತಿಯಲ್ಲಿ ಸಡಿಲವಾದದ್ದು ಏನು, ಅದರಿಂದಲೇ ಬಿತ್ತೋ ಇಲ್ಲವೋ ಗೊತ್ತಿಲ್ಲ. ತನಿಖೆಯವರು ಹೇಳಿಕೆಯನ್ನು ಮತ್ತೆ ನೋಡುತ್ತೇವೆ ಎಂದಿದ್ದಾರೆ, ನಯಾಜನ ಜೊತೆಗೂ ಮಾತಾಡಿದ್ದಾರೆ. ನೀರೊಳಗಿನ ಖಾಲಿ ಜಾಗ ಖಾಲಿಯಾಗಿಯೇ ಇದೆ, ಅದನ್ನು ತುಂಬಲು ನಾನು ಹೋಗುವುದಿಲ್ಲ.

ಆದರೆ ಒಂದನ್ನು ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ. ಆ ದಿನ ಸುಧಾ ಒಳಗೆ ಹೋಗಿ, ಏನನ್ನೂ ಸೂಚಿಸದೆ, ಮಗ ಕೊನೆಯ ಸಲ ಹೋದಾಗ ಏನು ಹೇಳಿದ ಎಂದಷ್ಟೇ ಕೇಳಿದ್ದಳು. ರಫೀಕ್ ಕರೆ ಮಾಡಿದಾಗ ನಯಾಜನ ಫೋನು ಸ್ಪೀಕರಿನಲ್ಲಿತ್ತು, ತಾಯಿ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದರು. ನೆತ್ತಿ ಮೇಲೆ ಕೊಬ್ಬರಿ ಆಗಿದೆ ಎಂಬ ಮಾತು ಕೇಳಿ, "ಹಂಗಿದ್ರೆ ಅದ್ನ ಹತ್ತಬೇಡ, ಬರುವಾಗ ಬೋಟಲ್ಲಿ ಬಾ" ಎಂದು ಅವರು ಬೈದಿದ್ದರು. "ಬೋಟಲ್ಲಿ ವಾಂತಿ ಬರುತ್ತೆ ಅಮ್ಮಿ" ಎಂದು ರಫೀಕ್ ನಕ್ಕಿದ್ದ. ನಾವು ಬೀಳುವುದಕ್ಕೆ ಎರಡು ವಾರ ಮೊದಲು.